ಆಯೋಗಕ್ಕೆ ನಾನು ಬರೆದ ಅಹವಾಲು

ಆಸ್ಟ್ರೇಲಿಯಾದಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಆತ್ಮಹತ್ಯೆಗಳ ವಿಚಾರಣೆಗಾಗಿ 2021ರ ಜುಲೈಯಲ್ಲಿ ರಾಯಲ್ ಕಮಿಷನ್ ಎಂಬ ಉನ್ನತ ವಿಚಾರಣಾ ಆಯೋಗ ನೇಮಕವಾದಾಗ ನಾನು ಟೌನ್ಸ್‌ವಿಲ್‌ನಲ್ಲಿ ಮಾನಸಿಕ ಆರೋಗ್ಯ ವಿಭಾಗದ ನರ್ಸ್ ಆಗಿದ್ದೆ. ದೊಡ್ಡ ಸೇನಾನೆಲೆಯಿರುವ ಊರು ಅದು. ಕೊಡಗಿನಲ್ಲಿ ಸುಬೇದಾರರ ಮಗಳಾಗಿ ಬೆಳೆದ ನನಗೆ ಸೈನಿಕರ ಮನೆಗಳ ಮೌನ ಹೊಸದಾಗಿರಲಿಲ್ಲ. ಆದರೂ, ಮನೆಯವರನ್ನು ಕಳೆದುಕೊಂಡವರೇ ಮಾತನಾಡುತ್ತಿರುವಾಗ ನನ್ನ ಮಾತು ಯಾಕೆ ಎಂಬ ಹಿಂಜರಿಕೆಯಲ್ಲಿ ಎರಡು ವರ್ಷ ಕಳೆದೆ. ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದು ತೀರಿಕೊಂಡ ಒಬ್ಬರ ಪತ್ನಿ, "ನನ್ನದನ್ನು ನಾನು ಬರೆಯುತ್ತೇನೆ. ನೀವು ಕಂಡದ್ದನ್ನು ನೀವೇ ಬರೆಯಬೇಕು" ಎಂದ ಮೇಲೆ ಬರೆಯಲು ಕುಳಿತೆ. ಅಹವಾಲು ಸಲ್ಲಿಸಲು 2023ರ ಅಕ್ಟೋಬರ್ 13 ಕೊನೆಯ ದಿನವಾಗಿತ್ತು.

ರೋಗಿಗಳ ಗುಟ್ಟು ಕಾಯುವುದು ನನ್ನ ವೃತ್ತಿಯ ಮೊದಲ ಕರ್ತವ್ಯವಾದ್ದರಿಂದ, ಒಂದಕ್ಷರ ಬರೆಯುವ ಮೊದಲೇ ಆಯೋಗದ ಮುಂದೆ ಬರುವವರಿಗೆಂದು ಏರ್ಪಡಿಸಿದ್ದ ಉಚಿತ ಕಾನೂನು ಸಲಹೆ ಪಡೆದೆ. ಅಹವಾಲನ್ನು ಬಹಿರಂಗವಾಗಿಯೂ, ಹೆಸರಿಲ್ಲದೆಯೂ, ಪ್ರಕಟಿಸದಂತೆ ಗೋಪ್ಯವಾಗಿಯೂ ಸಲ್ಲಿಸಲು ಅವಕಾಶವಿತ್ತು. ನಾನು ಗೋಪ್ಯವಾಗಿ ಸಲ್ಲಿಸುವುದನ್ನು ಆರಿಸಿಕೊಂಡೆ. ಆ ಪತ್ನಿ ಲಿಖಿತವಾಗಿ ಒಪ್ಪಿದ್ದನ್ನು ಬಿಟ್ಟರೆ ಬೇರಾವ ರೋಗಿಯ ವಿವರವನ್ನೂ ಸೇರಿಸಲಿಲ್ಲ.

ಮೊದಲ ಕರಡು ಹನ್ನೊಂದು ಪುಟವಾಯಿತು, ತುಂಬಾ ಸಿಟ್ಟೇ ಇತ್ತು. ಅದನ್ನು ಓದಿದ ಹಿರಿಯ ಸಹೋದ್ಯೋಗಿಯೊಬ್ಬರು "ಯಾರೂ ಇವರತ್ತ ತಿರುಗಿ ನೋಡಲಿಲ್ಲ" ಎಂಬ ವಾಕ್ಯದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಇದನ್ನು ನೀನು ಕಂಡೆಯೋ, ಕೇಳಿದೆಯೋ, ಊಹಿಸಿದೆಯೋ ಎಂದು ಕೇಳಿದರು. ಅಂದಿನಿಂದ ಪ್ರತಿ ವಾಕ್ಯಕ್ಕೂ ಆ ಮೂರು ಪ್ರಶ್ನೆಗಳನ್ನು ಹಾಕಿದೆ. ಊಹೆಯ ಮಾತೆಲ್ಲ ಹೋಗಿ ಐದು ಪುಟ ಉಳಿಯಿತು.

ಉಳಿದದ್ದಕ್ಕೆ ಆಧಾರ ಸಿಕ್ಕಿದ್ದು ಆ ಪತ್ನಿಯ ಊಟದ ಮೇಜಿನ ಮೇಲೆ. ಸೇವೆಯಿಂದ ಬಿಡುಗಡೆಯಾದ ದಿನದಿಂದ ಪತಿಗೆ ಬಂದ ಪತ್ರಗಳನ್ನೆಲ್ಲ ಅವರು ಶೂ ಡಬ್ಬಿಯೊಂದರಲ್ಲಿ ಲಕೋಟೆ ಸಮೇತ ಇಟ್ಟಿದ್ದರು. ದಿನಾಂಕದ ಪ್ರಕಾರ ಜೋಡಿಸುತ್ತಾ ಹೋದಂತೆ, ಹದಿನಾಲ್ಕು ದಿನಗಳೊಳಗೆ ಉತ್ತರಿಸಬೇಕೆಂದಿದ್ದ ಒಂದು ಪತ್ರದ ಲಕೋಟೆಗೆ ಬಿದ್ದಿದ್ದ ಅಂಚೆ ಮುದ್ರೆ ಪತ್ರದ ದಿನಾಂಕಕ್ಕಿಂತ ಒಂಬತ್ತು ದಿನ ತಡವಾದದ್ದೆಂದು ಕಂಡಿತು. ಅವರು ಆ ಲಕೋಟೆಯನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ಕುಳಿತಿದ್ದರು. ಅಹವಾಲಿನಲ್ಲಿ ಆ ಎರಡು ದಿನಾಂಕಗಳನ್ನಷ್ಟೇ ಬರೆದೆ, ವಿಶೇಷಣ ಸೇರಿಸಲಿಲ್ಲ. ಸಾವು ಸಂಭವಿಸಿದ ಬಗೆಯನ್ನೂ ಬರೆಯಲಿಲ್ಲ. ಅದಕ್ಕೂ ನಾನು ಹೇಳಬೇಕಾದದ್ದಕ್ಕೂ ಸಂಬಂಧವಿರಲಿಲ್ಲ.

ಒಟ್ಟು ಎಷ್ಟು ಮಂದಿ ಎಂಬ ಲೆಕ್ಕವನ್ನು ನಾನು ಕೊಡಬೇಕಾಗಿರಲಿಲ್ಲ. 1985ರಿಂದೀಚೆಗೆ ಸೇವೆಯಲ್ಲಿದ್ದವರ ಪೈಕಿ 1997ರಿಂದ 2021ರವರೆಗೆ 1,677 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ಆಯೋಗವೇ ಮುಂದೆ ದಾಖಲಿಸಿತು. ಸೇವೆಯಿಂದಾದ ಗಾಯ, ಕಾಯಿಲೆಗಳಿಗೆ ಪರಿಹಾರ ಕೋರಿದ ಅರ್ಜಿಗಳು ರಾಶಿ ಬಿದ್ದಿದ್ದೂ, ಮೂರು ಬೇರೆ ಬೇರೆ ಕಾಯ್ದೆಗಳು ಸೇರಿ ಜನರನ್ನು ಗೊಂದಲಕ್ಕೆ ತಳ್ಳಿದ್ದೂ 2022ರ ಆಗಸ್ಟ್‌ನ ಮಧ್ಯಂತರ ವರದಿಯಲ್ಲೇ ಇದ್ದವು. ಚಿಕಿತ್ಸೆ ಕೊಡುವವರಿಗಷ್ಟೇ ಕಾಣುವ ಒಂದು ಸಂಗತಿ ನನ್ನಲ್ಲಿತ್ತು. ಪೂರ್ಣಾವಧಿ ಸೇವೆಯಲ್ಲಿ ಒಂದೇ ದಿನ ಇದ್ದವರಿಗೂ, ಕಾಯಿಲೆಗೆ ಸೇವೆಯೇ ಕಾರಣವೆಂದು ರುಜುವಾತು ಮಾಡದೆಯೇ, ಮಾನಸಿಕ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಭರಿಸುವ ಬಿಳಿ ಕಾರ್ಡ್ ಸೌಲಭ್ಯ ಅಲ್ಲಿದೆ. ನಮ್ಮ ಬಾಗಿಲಿಗೆ ಬಂದ ಹಲವರಿಗೆ ಅದು ತಿಳಿದೇ ಇರಲಿಲ್ಲ. ಪರಿಹಾರದ ಅರ್ಜಿ ಇತ್ಯರ್ಥವಾಗುವ ತನಕ ವೈದ್ಯರ ಬಳಿ ಹೋಗುವಂತಿಲ್ಲವೆಂದು ನಂಬಿ ನಿದ್ದೆಯಿಲ್ಲದೆ ತಿಂಗಳುಗಟ್ಟಲೆ ಕಾದಿದ್ದರು. ಬಿಡುಗಡೆಯ ದಿನಕ್ಕೆ ಮೊದಲೇ ಕಾರ್ಡನ್ನು ಕೈಗಿತ್ತು, ಮೊದಲ ಭೇಟಿಯ ದಿನವನ್ನೂ ಗೊತ್ತುಮಾಡಿ ಕಳುಹಿಸಬೇಕೆಂಬುದೊಂದೇ ನನ್ನ ಕೋರಿಕೆಯಾಗಿತ್ತು. ಅದನ್ನು ಕೊನೆಯ ಪುಟದಿಂದ ಎತ್ತಿ ಮೊದಲ ಪುಟಕ್ಕೆ ತಂದೆ.

ಬರೆಯುವ ರಾತ್ರಿಗಳು ಸುಲಭವಾಗಿರಲಿಲ್ಲ. ರಾತ್ರಿ ಒಂಬತ್ತರ ನಂತರ ಪತ್ರಗಳನ್ನು ತೆರೆಯಬಾರದೆಂದು ನಾನೂ ಆ ಪತ್ನಿಯೂ ಮಾತು ಕೊಟ್ಟುಕೊಂಡಿದ್ದೆವು, ಉಳಿಸಿಕೊಂಡೆವು ಕೂಡ.

2024ರ ಸೆಪ್ಟೆಂಬರ್ 9ರಂದು 122 ಶಿಫಾರಸುಗಳೊಂದಿಗೆ ಅಂತಿಮ ವರದಿ ಹೊರಬಂದಿತು. ಸೇವೆಯಿಂದ ನಾಗರಿಕ ಬದುಕಿಗೆ ಮರಳುವವರ ಕುರಿತ ಭಾಗವನ್ನು ಅಂದು ಸಂಜೆ ನಾನು ಫೋನಿನಲ್ಲಿ ಅವರಿಗೆ ಓದಿ ಹೇಳಿದೆ. ನಡುವೆ ಒಮ್ಮೆ ಅವರು ನಿಲ್ಲಿಸಿ ಪುಟದ ಸಂಖ್ಯೆ ಕೇಳಿ ಬರೆದುಕೊಂಡರು, ಆಮೇಲೆ ಮುಂದೆ ಓದಿ ಎಂದರು.