ಮನೆಯಲ್ಲೇ ಟೀ ಶರ್ಟ್ ಮುದ್ರಣ: ಪರದೆ ಒಣಗುವ ತನಕ ಕಾಯಿರಿ

ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ವಯಂಸೇವಕರಿಗೆ, ಊರ ಕ್ಲಬ್ಬಿನ ಸದಸ್ಯರಿಗೆ, ಶಾಲಾ ಕಲೋತ್ಸವಕ್ಕೆ ಹೊರಟ ಮಕ್ಕಳಿಗೆ ಒಂದೇ ಬಗೆಯ ಟೀ ಶರ್ಟ್ ಹಂಚುವ ರೂಢಿ ಕಾಸರಗೋಡಿನಲ್ಲಿ ಬೇರೂರಿದೆ. ಇಪ್ಪತ್ತು ಮೂವತ್ತು ಅಂಗಿಗಳ ಕೆಲಸವಾದರೆ ಸ್ಕ್ರೀನ್ ಪ್ರಿಂಟಿಂಗ್ ಕಿಟ್ ತರಿಸಿಕೊಂಡು ಮನೆಯ ಚಾವಡಿಯಲ್ಲೇ ಮುಗಿಸಬಹುದು. ಆದರೆ ಕುಂಬಳೆ, ಬದಿಯಡ್ಕ, ನೀರ್ಚಾಲು ಕಡೆಯ ಹಲವು ಯುವಕರು ಕಿಟ್ ಬಿಚ್ಚಿದ ದಿನವೇ ಮುದ್ರಿಸಲು ಹೊರಟು, ಪರದೆಯನ್ನೂ (ಬಣ್ಣ ಇಳಿಸುವ, ಚೌಕಟ್ಟಿಗೆ ಬಿಗಿದ ಜಾಲರಿ) ಅಂಗಿಯನ್ನೂ ಕೆಡಿಸಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಣ್ಣ ಎಳೆಯುವ ಕೈಚಳಕ ಅವರಿಗೆ ಒಂದು ಗಂಟೆಯಲ್ಲಿ ಬಂದಿತ್ತು. ಅವರು ಎಡವಿದ್ದು ಪರದೆ ಸಿದ್ಧಪಡಿಸುವಲ್ಲಿ.

1. ಕಿಟ್ ಆರಿಸುವುದು

ಕಿಟ್‌ನಲ್ಲಿ ಜಾಲರಿ ಬಿಗಿದ ಚೌಕಟ್ಟು, ಬಣ್ಣ ಎಳೆಯಲು ರಬ್ಬರ್ ಅಂಚಿನ ಸ್ಕ್ವೀಜಿ, ಬೆಳಕು ಬಿದ್ದಲ್ಲಿ ಗಟ್ಟಿಯಾಗಿ ಬೀಳದಲ್ಲಿ ನೀರಿಗೆ ಕಳಚುವ ಎಮಲ್ಷನ್ ಎಂಬ ದ್ರವ, ಅದು ಬೆಳಕಿಗೆ ಸ್ಪಂದಿಸುವಂತೆ ಬೆರೆಸುವ ಸೆನ್ಸಿಟೈಸರ್ ಮತ್ತು ಬಣ್ಣ ಇರುತ್ತವೆ. ಜಾಲರಿ 43 ಟಿ ಇರಲಿ, ಅಂದರೆ ಒಂದು ಸೆಂಟಿಮೀಟರಿಗೆ 43 ಎಳೆಗಳು. ವಿಸಿಟಿಂಗ್ ಕಾರ್ಡ್ ಮುದ್ರಣಕ್ಕೆಂದು ಮಾಡಿದ 120 ಟಿ ಜಾಲರಿಯನ್ನೇ ಅಗ್ಗದ ಕಿಟ್‌ಗಳಲ್ಲಿ ತುಂಬಿಸಿ ಮಾರುವುದುಂಟು. ಬಟ್ಟೆಯ ದಪ್ಪ ಬಣ್ಣ ಅದರೊಳಗಿನಿಂದ ಸರಿಯಾಗಿ ಇಳಿಯುವುದಿಲ್ಲ. ಮರದ ಚೌಕಟ್ಟು ನಮ್ಮ ಮಳೆಗಾಲದಲ್ಲಿ ಸೊಟ್ಟಗಾಗುವುದರಿಂದ ಅಲ್ಯುಮಿನಿಯಂ ಚೌಕಟ್ಟನ್ನೇ ಕೊಳ್ಳಬೇಕು. ಸೆನ್ಸಿಟೈಸರ್ ಎಂದು ಕಿತ್ತಳೆ ಬಣ್ಣದ ಬೈಕ್ರೋಮೇಟ್ ಹರಳುಗಳನ್ನು ಕೊಟ್ಟಿದ್ದರೆ ಆ ಕಿಟ್ ಬೇಡ. ಅದು ಕ್ಯಾನ್ಸರ್ ತರಬಲ್ಲ ರಾಸಾಯನಿಕ, ಮಕ್ಕಳಿರುವ ಮನೆಗೆ ಖಂಡಿತ ತಕ್ಕದ್ದಲ್ಲ. ಡಯಾಜೋ ಬಗೆಯದನ್ನು ಕೇಳಿ ಪಡೆಯಿರಿ. ಅದನ್ನು ಎಮಲ್ಷನ್‌ಗೆ ಬೆರೆಸಿದ ಮೇಲೆ ಗುಳ್ಳೆಗಳು ಅಡಗಲು ಕೆಲವು ಗಂಟೆ ಹಾಗೆಯೇ ಬಿಡಬೇಕು; ಫ್ರಿಜ್ಜಿನ ಹೊರಗಿಟ್ಟರೆ ಆ ಮಿಶ್ರಣ ಸುಮಾರು ಒಂದು ತಿಂಗಳು ಬಾಳುತ್ತದೆ.

2. ಅಕ್ಷರ ಮತ್ತು ಫಿಲ್ಮ್

ಕನ್ನಡವನ್ನು ಮುದ್ರಿಸುವವರು ಒತ್ತಕ್ಷರಗಳ ಕಡೆ ಗಮನ ಕೊಡಬೇಕು. ‘ಬ್ರಹ್ಮಕಲಶೋತ್ಸವ’ ಎಂಬ ಒಂದೇ ಪದದಲ್ಲಿ ಮೂರು ಒತ್ತುಗಳಿವೆ. ಅವುಗಳ ಒಳಗಿನ ಬಿಳಿ ಜಾಗ ಒಂದು ಮಿಲಿಮೀಟರಿಗಿಂತ ಕಿರಿದಾದರೆ ಬಣ್ಣ ತುಂಬಿಕೊಂಡು ಅಕ್ಷರ ಮುದ್ದೆಯಾಗುತ್ತದೆ. ಜೊತೆಗೆ ಮಲಯಾಳದ ಸಾಲೂ ಇದ್ದರೆ ಅದರ ಸುರುಳಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸಪೂರ ಅಕ್ಷರವಿನ್ಯಾಸ ಬೇಡ, ಮಧ್ಯಮ ದಪ್ಪದ್ದೇ ಒಳ್ಳೆಯದು. ಪಾರದರ್ಶಕ ಹಾಳೆಯ, ಅಂದರೆ ಫಿಲ್ಮಿನ, ಮೇಲೆ ಲೇಸರ್ ಪ್ರಿಂಟರ್ ಕೊಡುವ ಕಪ್ಪು ಬಣ್ಣ ಬೆಳಕನ್ನು ಪೂರ್ತಿ ತಡೆಯದಿರುವುದರಿಂದ, ಒಂದೇ ಚಿತ್ರದ ಎರಡು ಪ್ರತಿಗಳನ್ನು ಒಂದರ ಮೇಲೊಂದು ಕೂರಿಸಿ ಅಂಟಿಸಿ.

3. ಎಮಲ್ಷನ್ ಬಳಿದು ಒಣಗಿಸುವುದು

ಕೆಲಸ ಕೆಡುವುದು ಇಲ್ಲಿಯೇ. ಹೊಸ ಜಾಲರಿಯ ಮೇಲೂ ಎಣ್ಣೆಯ ಪಸೆ ಇರುತ್ತದೆ. ಪಾತ್ರೆ ತೊಳೆಯುವ ಸಾಬೂನಿನಿಂದ ಎರಡೂ ಬದಿ ಉಜ್ಜಿ ತೊಳೆದು ಒಣಗಿಸಿದ ಮೇಲೆ ಜಾಲರಿಯನ್ನು ಬೆರಳಿನಿಂದ ಮುಟ್ಟಬಾರದು. ಕಿಟಕಿ ಮುಚ್ಚಿ, ಹಳದಿ ಬಲ್ಬ್ ಉರಿಸಿ, ತೊಟ್ಟಿಯಾಕಾರದ ಕೋಟರ್‌ನಿಂದ ಎಮಲ್ಷನ್ ಅನ್ನು ಕೆಳಗಿನಿಂದ ಮೇಲಕ್ಕೆ ಬಟ್ಟೆಗೆ ತಾಗುವ ಹೊರಬದಿಗೆ ಒಮ್ಮೆ, ಒಳಬದಿಗೆ ಒಮ್ಮೆ ತೆಳುವಾಗಿ ಬಳಿಯಿರಿ. ದಪ್ಪ ಬಳಿದರೆ ಪರದೆ ಗಟ್ಟಿಯಾಗುತ್ತದೆಂಬ ನಂಬಿಕೆ ತಪ್ಪು. ದಪ್ಪ ಪದರದ ಒಳಭಾಗ ಒಣಗುವುದೂ ಇಲ್ಲ, ಬೆಳಕಿಗೆ ಗಟ್ಟಿಯಾಗುವುದೂ ಇಲ್ಲ.

ಬಳಿದ ಪರದೆಯನ್ನು ಬಟ್ಟೆಗೆ ತಾಗುವ ಬದಿ ಕೆಳಗಾಗುವಂತೆ, ನಾಲ್ಕು ಮೂಲೆಗಳಿಗೆ ಆಧಾರ ಕೊಟ್ಟು, ಮಟ್ಟಸವಾಗಿ ಕತ್ತಲಲ್ಲಿಡಿ. ಎಮಲ್ಷನ್‌ನೊಳಗೆ ನೀರಿನ ಪಸೆ ಉಳಿದಿದ್ದರೆ ಬೆಳಕು ಎಷ್ಟೇ ಬಿದ್ದರೂ ಅದು ಗಟ್ಟಿಯಾಗದೆ, ತೊಳೆಯುವಾಗ ಚಿತ್ರದ ಜೊತೆಗೆ ಇಡೀ ಪದರವೇ ಕಳಚಿ ಹೋಗುತ್ತದೆ. ಬೆರಳಿಗೆ ಅಂಟಲಿಲ್ಲವೆಂದ ಮಾತ್ರಕ್ಕೆ ಒಣಗಿತೆಂದು ತಿಳಿಯಬಾರದು. ಅಂಗಳದ ಅಡಿಕೆಯ ಸಿಪ್ಪೆ ಗರಿಗರಿಯಾಗಿದ್ದರೂ ಒಳಗೆ ಹಸಿ ಉಳಿದಿರುವಂತೆ ಇಲ್ಲಿಯೂ ಮೇಲ್ಮೈ ಮೋಸ ಮಾಡುತ್ತದೆ. ಬೇಸಗೆಯಲ್ಲಿ ಫ್ಯಾನಿನ ಗಾಳಿಗೆ ನಾಲ್ಕೈದು ಗಂಟೆ ಸಾಕು. ಮಳೆಗಾಲದಲ್ಲಿ ಪೂರ್ತಿ ಒಂದು ದಿನ ಕಾಯಿರಿ, ಬಟ್ಟೆ ಕಪಾಟಿನ ತೇವ ಹೀರಲು ಅಂಗಡಿಯಲ್ಲಿ ಸಿಗುವ ಡಬ್ಬಿಗಳನ್ನು ಪರದೆಯ ಪಕ್ಕದಲ್ಲಿಡಿ. ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಹಾಯಿಸುವ ಅಡ್ಡದಾರಿ ಬೇಡವೇ ಬೇಡ, ಅದು ಮೇಲ್ಪದರವನ್ನು ಮಾತ್ರ ಒಣಗಿಸಿ ಒಳಗಿನ ಪಸೆಯನ್ನು ಹಿಡಿದಿಡುತ್ತದೆ. ಹೊಸಬರು ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಈ ಕೆಲಸ ಆರಂಭಿಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

4. ಬೆಳಕಿಗೆ ಒಡ್ಡುವುದು

ಚೌಕಟ್ಟಿನ ಒಳಗೆ ಸರಿಯಾಗಿ ಕೂರುವ ಸ್ಪಂಜಿನ ತುಂಡಿಗೆ ಕಪ್ಪು ಬಟ್ಟೆ ಹೊದಿಸಿ, ಅದರ ಮೇಲೆ ಪರದೆಯನ್ನು ಹೊರಬದಿ ಮೇಲಾಗುವಂತೆ ಇಡಿ. ಫಿಲ್ಮಿನ ಮಸಿ ಇರುವ ಮುಖ ಎಮಲ್ಷನ್‌ಗೆ ತಾಗಬೇಕು. ಮೇಲಿನಿಂದ ನೋಡಿದಾಗ ಅಕ್ಷರಗಳು ತಿರುಗುಮುರುಗಾಗಿ ಕಂಡರೆ ಇಟ್ಟದ್ದು ಸರಿ. ಅದರ ಮೇಲೆ ಭಾರವಾದ ಗಾಜು ಒತ್ತಿರಲಿ, ನಡುವೆ ಸಂದು ಉಳಿದರೆ ಅಂಚುಗಳು ಮಸುಕಾಗುತ್ತವೆ.

ಎಷ್ಟು ಹೊತ್ತು ಎಂಬುದನ್ನು ಬೇರೆಯವರ ಲೆಕ್ಕದಿಂದ ತೆಗೆದುಕೊಳ್ಳಬೇಡಿ. ಮೊದಲ ಪರದೆಯನ್ನು ಪರೀಕ್ಷೆಗೆಂದೇ ಮೀಸಲಿಟ್ಟು, ರಟ್ಟಿನಿಂದ ಮುಚ್ಚಿ, ಅರ್ಧ ನಿಮಿಷಕ್ಕೊಮ್ಮೆ ರಟ್ಟನ್ನು ಎರಡು ಬೆರಳಗಲ ಸರಿಸುತ್ತ ಹೋಗಿ. ಆಮೇಲೆ ಎರಡೂ ಬದಿಗೆ ತಣ್ಣೀರು ಹಾಯಿಸಿ, ಎರಡು ನಿಮಿಷ ನೆನೆಯಲು ಬಿಟ್ಟು, ಹೊರಬದಿಯಿಂದ ಮೆಲ್ಲನೆ ನೀರು ಸಿಂಪಡಿಸಿ. ಒಳಬದಿ ಲೋಳೆಯಾದ ಪಟ್ಟಿಗೆ ಬೆಳಕು ಸಾಲದು, ಒತ್ತಕ್ಷರಗಳ ಗೆರೆಗಳಲ್ಲಿನ ಎಮಲ್ಷನ್ ಬಿಡದ ಪಟ್ಟಿಗೆ ಬೆಳಕು ಹೆಚ್ಚಾಗಿದೆ. ಇವೆರಡರ ನಡುವೆ ಅಂಚು ಸ್ಪಷ್ಟವಾಗಿ ತೆರೆದುಕೊಂಡ ಪಟ್ಟಿಯೇ ನಿಮ್ಮ ಅಳತೆ. ನಡುಹಗಲಿನ ಬಿಸಿಲಿನಿಂದಲೂ ಕೆಲಸ ನಡೆಯುತ್ತದೆ, ಆದರೆ ಒಂದು ಮೋಡ ಅಡ್ಡ ಬಂದರೆ ಲೆಕ್ಕ ತಪ್ಪುವುದರಿಂದ, ಪ್ರತಿ ಸಲವೂ ಒಂದೇ ಎತ್ತರದಲ್ಲಿ ತೂಗಿಸಿದ ಯುವಿ ಎಲ್‌ಇಡಿ ದೀಪವೇ ಮೇಲು.

5. ಮುದ್ರಿಸುವುದು

ಅಂಗಿ ನೂರಕ್ಕೆ ನೂರು ಹತ್ತಿಯದಾಗಿರಲಿ. ಪಾಲಿಯೆಸ್ಟರ್ ಜೆರ್ಸಿಯ ಬಣ್ಣ ಇಸ್ತ್ರಿಯ ಬಿಸಿಗೆ ಮೇಲೆದ್ದು ಮುದ್ರಣವನ್ನು ಕಲೆಗೊಳಿಸುತ್ತದೆ. ಅಂಗಿಯೊಳಗೆ ಹಲಗೆ ತೂರಿಸಿ, ಪರದೆಯ ಮೂಲೆಗಳ ಕೆಳಗೆ ನಾಣ್ಯ ಇಟ್ಟು ಎರಡು ಮೂರು ಮಿಲಿಮೀಟರ್ ಎತ್ತರಿಸಿ. ಮೊದಲು ಒತ್ತಡವಿಲ್ಲದೆ ಬಣ್ಣ ಹರಡಿ, ಆಮೇಲೆ ಸ್ಕ್ವೀಜಿಯನ್ನು ತುಸು ಓರೆ ಹಿಡಿದು ಒಂದೇ ಬಿಗಿಯಾದ ಎಳೆತದಲ್ಲಿ ಮುಗಿಸಿ. ಮೊದಲ ಐದಾರು ಮುದ್ರಣ ಹಳೆಯ ಬೈರಾಸಿನ ಮೇಲಾಗಲಿ. ಕಪ್ಪು ಅಂಗಿಗೆ ‘ಖಾದಿ ವೈಟ್’ ಎಂದು ಮಾರುವ ಗಾಢ ಬಿಳಿಯೇ ಬೇಕು, ಸಾಮಾನ್ಯ ಬಿಳಿ ಬೂದಿಯಂತೆ ಕಾಣುತ್ತದೆ. ನಡುವೆ ಚಹಾಕ್ಕೆ ಎದ್ದು ಹೋಗಬೇಡಿ, ನೀರಿನ ಬಣ್ಣ ಜಾಲರಿಯಲ್ಲೇ ಒಣಗಿ ಕಣ್ಣುಗಳನ್ನು ಮುಚ್ಚಿಬಿಡುತ್ತದೆ.

6. ಬಿಸಿ ಕೊಡುವುದು

ಒಂದು ದಿನ ನೆರಳಿನಲ್ಲಿ ಒಣಗಿಸಿ, ತೆಳು ಹತ್ತಿಬಟ್ಟೆ ಹೊದಿಸಿ, ಹಬೆಯಿಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ಹತ್ತಿಯ ಗುರುತಿಗಿಟ್ಟು, ಮೂರು ನಾಲ್ಕು ನಿಮಿಷ ಸರಿಸುತ್ತ ಕಾಯಿಸಿ. ಬಣ್ಣದ ಡಬ್ಬಿಯ ಮೇಲೆ ಬೇರೆ ಅವಧಿ ಬರೆದಿದ್ದರೆ ಅದನ್ನೇ ಅನುಸರಿಸಿ. ಎಲ್ಲರಿಗೂ ಹಂಚುವ ಮೊದಲು ಒಂದು ಅಂಗಿಯನ್ನು ಮೂರು ದಿನ ಬಿಟ್ಟು ಒಗೆದು ನೋಡಿ.

ಮುದ್ರಣ ಮುಗಿದ ಕೂಡಲೇ ಪರದೆಯ ಬಣ್ಣವನ್ನು ರಟ್ಟಿನಿಂದ ಬಾಚಿ ಡಬ್ಬಿಗೆ ಹಾಕಿ, ಉಳಿದದ್ದನ್ನು ತೊಳೆಯಿರಿ. ತೊಳೆದ ನೀರು ಬಾವಿಯ ಅಥವಾ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಕಡೆಗೆ ಹರಿಯದಂತೆ ಬೇರೆ ಗುಂಡಿಗೆ ಬಿಡಿ. ಚೌಕಟ್ಟಿನ ಅಂಚಿನಲ್ಲಿ ಬೆಳಕಿಗೆ ಒಡ್ಡಿದ ನಿಮಿಷಗಳನ್ನು ಬರೆದಿಟ್ಟರೆ ಮುಂದಿನ ಪರದೆಗೆ ಪರೀಕ್ಷೆಯ ಕೆಲಸ ಅರ್ಧ ಉಳಿಯುತ್ತದೆ.