ದಪ್ಪ ಓರೆ ಅಕ್ಷರವನ್ನು ಕನ್ನಡಕ್ಕೆ ಒಗ್ಗಿಸಿದ ಬಗೆ

ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಬ್ಯಾನರು, ಆಟಗಾರರ ಜೆರ್ಸಿ, ವಾಹನಗಳ ಸ್ಟಿಕರ್. ನನ್ನ ಕೆಲಸದ ಬಹುಪಾಲು ಇದೇ. ಬರುವ ಗಿರಾಕಿಗಳ ಬೇಡಿಕೆಯೂ ಹೆಚ್ಚು ಬದಲಾಗುವುದಿಲ್ಲ: ಅಕ್ಷರ ದಪ್ಪವಾಗಿರಬೇಕು, ಬಲಕ್ಕೆ ಬಾಗಿರಬೇಕು, ಓಡುತ್ತಿರುವಂತೆ ಕಾಣಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಕೊರತೆಯಿಲ್ಲ. ಜರ್ಮನಿಯ ಪಾಲ್ ರೆನ್ನರ್ ರೂಪಿಸಿ 1927ರಲ್ಲಿ ಹೊರಬಂದ ಫ್ಯೂಚುರಾ ಫಾಂಟಿನ ದಪ್ಪ ಓರೆ ರೂಪವನ್ನು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಕೆಂಪು ಪಟ್ಟಿಯ ಮೇಲೆ ಬಿಳಿಯಾಗಿ ಕೂರಿಸಿದ್ದನ್ನು ನೋಡಿದವರಿಗೆ ಅದರ ದನಿ ಎಷ್ಟು ಗಟ್ಟಿಯೆಂದು ಗೊತ್ತು. ಕನ್ನಡದಲ್ಲಿ ಅನೇಕ್ ಕನ್ನಡ, ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಫಾಂಟ್‌ಗಳ ದಪ್ಪ ರೂಪಗಳು ಸೊಗಸಾಗಿವೆ. ಆದರೆ ಈ ಮೂರರಲ್ಲೂ ಓರೆ ರೂಪವಿಲ್ಲ. ಇಟಾಲಿಕ್ ಗುಂಡಿ ಒತ್ತಿದರೆ ತಂತ್ರಾಂಶ ನೇರ ಅಕ್ಷರವನ್ನೇ ಪಕ್ಕಕ್ಕೆ ತಳ್ಳಿ ಕೊಡುತ್ತದೆ. ಹಾಗೆ ತಳ್ಳಿದ ಅಕ್ಷರವನ್ನು ನಾನು ಬಳಸುವುದಿಲ್ಲ. ಬೇಕಾದ ಪದಗಳಿಗೆ ಅಕ್ಷರಗಳನ್ನು ನಾನೇ ಬರೆದುಕೊಳ್ಳುತ್ತೇನೆ.

ಕಾರಣ ನಮ್ಮ ಲಿಪಿಯ ಗುಂಡುತನ. ಒಂದೇ ದಪ್ಪದ ವೃತ್ತವನ್ನು ಬಲಕ್ಕೆ ತಳ್ಳಿದರೆ ಅದು ವಾಲಿದ ಕೋಳಿಮೊಟ್ಟೆಯಾಗುತ್ತದೆ. ಮೇಲಿನ ಬಲಬದಿ ಮತ್ತು ಕೆಳಗಿನ ಎಡಬದಿಯಲ್ಲಿ ಗೆರೆ ಉಬ್ಬುತ್ತದೆ, ಉಳಿದೆರಡು ಬದಿಗಳಲ್ಲಿ ಸೊರಗುತ್ತದೆ. ಹೆಚ್ಚಾಗಿ ನೇರ ಗೆರೆಗಳಿಂದಾದ ರೋಮನ್ ದೊಡ್ಡಕ್ಷರಗಳು ಇದನ್ನು ಒಂದಿಷ್ಟು ತಾಳಿಕೊಳ್ಳುತ್ತವೆ. ‘ರ’, ‘ಠ’, ‘ಅ’ ತಾಳಿಕೊಳ್ಳುವುದಿಲ್ಲ. ಬರವಣಿಗೆಯ ಗಾತ್ರದಲ್ಲಿ ಕಾಣದ ಈ ಏರುಪೇರು ಹತ್ತಡಿ ಬ್ಯಾನರಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಉಚಿತವಾಗಿ ಸಿಗುವ ಫಾಂಟ್ ತಯಾರಿಕೆಯ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ಅಕ್ಷರವನ್ನು ಮೊದಲು ಬಾಗಿಸಿ, ಆಮೇಲೆ ಹೊರಗೆರೆ ಒಳಗೆರೆ ಎರಡನ್ನೂ ಹೊಸದಾಗಿ ತಿದ್ದುತ್ತೇನೆ. ಉಬ್ಬಿದ ಕಡೆ ಕೆತ್ತುವುದು, ಸೊರಗಿದ ಕಡೆ ತುಂಬುವುದು. ಅನುಸ್ವಾರದ ಸೊನ್ನೆಯನ್ನು ಮಾತ್ರ ಹೆಚ್ಚು ಬಾಗಿಸದೆ ಬಹುಮಟ್ಟಿಗೆ ದುಂಡಾಗಿಯೇ ಬಿಡುತ್ತೇನೆ. ಸಾಲಿನಲ್ಲಿ ಕಣ್ಣು ನಿಲ್ಲಲು ಒಂದು ಜಾಗ ಬೇಕು.

ಎಷ್ಟು ಬಾಗಿಸಬೇಕು ಎಂಬುದನ್ನು ನಿರ್ಧರಿಸುವುದು ಒತ್ತಕ್ಷರ. ಜಾಲಪುಟಗಳ ವಿನ್ಯಾಸ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಓರೆ ಅಕ್ಷರಕ್ಕೆ ಪೂರ್ವನಿಯೋಜಿತ ಕೋನ 14 ಡಿಗ್ರಿ. ಕನ್ನಡಕ್ಕೆ ಅದು ಹೆಚ್ಚಾಯಿತು. ಫಾಂಟಿನ ಅಳತೆಯ ಏಕಮಾನದಲ್ಲಿ ಅಕ್ಷರ 600 ಏಕಮಾನ ಎತ್ತರ, ಒತ್ತು ಪಾದರೇಖೆಯಿಂದ, ಅಂದರೆ ಅಕ್ಷರಗಳು ಕೂರುವ ಗೆರೆಯಿಂದ, 300 ಏಕಮಾನ ಕೆಳಗೆ ಇದೆ ಎಂದುಕೊಳ್ಳಿ. 14 ಡಿಗ್ರಿಗೆ ತಳ್ಳಿದರೆ ತಲೆ ಸುಮಾರು 150 ಏಕಮಾನ ಬಲಕ್ಕೆ ಹೋಗುತ್ತದೆ, ಒತ್ತಿನ ತುದಿ 75 ಏಕಮಾನ ಎಡಕ್ಕೆ ಜಾರುತ್ತದೆ. ತಲೆ ಒಂದು ದಿಕ್ಕಿಗೆ, ಕಾಲು ಇನ್ನೊಂದು ದಿಕ್ಕಿಗೆ. 10 ಡಿಗ್ರಿಯಲ್ಲಿ ಈ ಸರಿತ 106 ಮತ್ತು 53ಕ್ಕೆ ಇಳಿಯುತ್ತದೆ. ನಾನು 10ಕ್ಕೇ ನಿಲ್ಲುತ್ತೇನೆ. ಒತ್ತನ್ನು ಬೇರೆಯಾಗಿ ಬರೆದು, ಅದರ ನಡುವನ್ನೇ ಆಧಾರವಾಗಿಟ್ಟು ಬಾಗಿಸಿ, ಬಳಿಕ ಕಣ್ಣಳತೆಯಲ್ಲಿ ಬಲಕ್ಕೆ ಎಳೆದು ಕೂರಿಸುತ್ತೇನೆ. ‘ಷ್ಟ್ರ’ದಂತಹ ಗುಂಪುಗಳನ್ನು ಬಿಡಿಬಿಡಿಯಾಗಿ ಜೋಡಿಸುವುದಕ್ಕಿಂತ ಇಡಿಯಾಗಿ ಒಂದೇ ಆಕೃತಿಯಾಗಿ ಬರೆಯುವುದೇ ಮೇಲು.

ಹೀಗೆ ಕೋನವನ್ನು ಕಡಿಮೆ ಮಾಡಿದರೆ ಓಟ ಎಲ್ಲಿಂದ ಬರಬೇಕು? ತಲೆಕಟ್ಟಿನಿಂದ. ನಮ್ಮ ತಲೆಕಟ್ಟು ಮೊದಲೇ ಬಲಕ್ಕೆ ಚಿಮ್ಮುವ ಗೆರೆ. ಅದನ್ನು ತುಸು ಉದ್ದ ಮಾಡಿ ತುದಿಯನ್ನು ಓರೆಯಾಗಿ ಕತ್ತರಿಸಿದರೆ ಪದಕ್ಕೆ ಇಪ್ಪತ್ತು ಡಿಗ್ರಿ ಬಾಗಿಸಿದರೂ ಸಿಗದ ವೇಗ ಸಿಗುತ್ತದೆ. ಇದು ಕನ್ನಡಕ್ಕೆ ಲಿಪಿಯೇ ಕೊಟ್ಟ ಬಲ, ಇದನ್ನು ಬಿಟ್ಟು ಬರೀ ಬಾಗುವಿಕೆಯನ್ನು ನಂಬುವುದು ನನಗೆ ಸರಿಕಾಣುವುದಿಲ್ಲ. ಎಲ್ಲ ಪದಕ್ಕೂ ಇದು ಸುಲಭವಲ್ಲ, ನಿಜ. ‘ಬ’, ‘ಜ’, ‘ಣ’ಗಳಿಗೆ ತಲೆಕಟ್ಟೇ ಇಲ್ಲ. ‘ಕಬಡ್ಡಿ’ಯಲ್ಲಿ ‘ಕ’ಕಾರಕ್ಕೆ ಮಾತ್ರ ಉಂಟು, ಕೊನೆಯಲ್ಲಿ ಅದರ ಜಾಗವನ್ನು ಗುಡಿಸು ಹಿಡಿದಿದೆ. ಅಲ್ಲಿ ‘ಕ’ದ ತಲೆಕಟ್ಟನ್ನು ‘ಬ’ದ ನೆತ್ತಿಯ ಮೇಲೆ ಹಾಯಿಸಿ, ಗುಡಿಸಿನ ಬೆನ್ನನ್ನು ಅದೇ ಎತ್ತರಕ್ಕೆ ತಂದೆ. ಪದ ಒಂದೇ ಉಸಿರಿನಲ್ಲಿ ಓದಿಸಿಕೊಂಡಿತು.

ಮಹಾಪ್ರಾಣದ ಸೀಳು ಜೆರ್ಸಿಯಲ್ಲಿ ತುಂಬ ಕಾಡುತ್ತದೆ. ಅಕ್ಷರ ದಪ್ಪವಾದಷ್ಟೂ ಸೀಳು ಮುಚ್ಚಿಕೊಳ್ಳುತ್ತದೆ, ಧಾರವಾಡ ‘ದಾರವಾಡ’ವಾಗುತ್ತದೆ. ವಿನೈಲ್ ಹಾಳೆಯನ್ನು ಪ್ಲಾಟರ್ ಎಂಬ ಕತ್ತರಿಸುವ ಯಂತ್ರ ಕತ್ತರಿಸಿದ ಮೇಲೆ ಬೇಡದ ಚೂರುಗಳನ್ನು ಕೈಯಿಂದ ಕಿತ್ತು ತೆಗೆಯಬೇಕು; ಸೀಳು ತೀರ ಕಿರಿದಾದರೆ ಅಕ್ಕಪಕ್ಕದ ಗೆರೆಯೂ ಜೊತೆಗೇ ಎದ್ದು ಬರುತ್ತದೆ. ಬಟ್ಟೆಯ ಮೇಲೆ 2 ಮಿಲಿಮೀಟರಿಗಿಂತ ಕಡಿಮೆ ಸೀಳನ್ನು ನಾನು ಇಡುವುದಿಲ್ಲ. ಅದಕ್ಕಾಗಿ ‘ಧ’ದ ತಳವನ್ನು ‘ದ’ಕ್ಕಿಂತ ಒಂದಿಷ್ಟು ತೆಳ್ಳಗೆ ಮಾಡಬೇಕಾದರೂ ಚಿಂತೆಯಿಲ್ಲ. ಆಟಗಾರನ ಊರಿನ ಹೆಸರು ತಪ್ಪಾಗಿ ಕಾಣಬಾರದು.

ಎರಡು ಮೂರು ಪದಗಳಾಚೆಗೆ ಈ ಅಕ್ಷರ ಬೇಡ. ಸ್ಥಳ, ಸಮಯ, ಪ್ರವೇಶ ಶುಲ್ಕ ಎಲ್ಲವನ್ನೂ ಓರೆಯಲ್ಲೇ ಹಾಕಿರೆಂದು ಗಿರಾಕಿ ಹಟ ಹಿಡಿದರೆ, ಎರಡೂ ಬಗೆಯಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ ರಸ್ತೆಯಾಚೆಯಿಂದ ಓದಲು ಹೇಳುತ್ತೇನೆ.

ಇನ್ನು ವಾಹನ. ಬಸ್ಸಿನ ಬಲಬದಿಯಲ್ಲಿ ಮುಂಭಾಗ ನಮ್ಮ ಬಲಕ್ಕಿರುತ್ತದೆ, ಬಲಕ್ಕೆ ವಾಲಿದ ಅಕ್ಷರ ಬಸ್ಸಿನೊಡನೆ ಮುಂದಕ್ಕೆ ನುಗ್ಗುತ್ತದೆ. ಎಡಬದಿಯಲ್ಲಿ ಮುಂಭಾಗ ಎಡಕ್ಕೆ, ಅದೇ ಅಕ್ಷರ ಹಿಂದಕ್ಕೆ ಬಿದ್ದಂತೆ ತೋರುತ್ತದೆ. ನಮ್ಮಲ್ಲಿ ಬಾಗಿಲು ಇರುವುದೂ, ನಿಲ್ದಾಣದಲ್ಲಿ ಕಾಯುವ ಜನ ನೋಡುವುದೂ ಆ ಬದಿಯನ್ನೇ. ಎಡಕ್ಕೆ ಬಾಗಿಸಿದ ಕನ್ನಡವನ್ನು ಓದುವುದು ಕಷ್ಟ. ಆದ್ದರಿಂದ ಎಡಬದಿಗೆ ಅದೇ ದಪ್ಪದ ನೇರ ಅಕ್ಷರವನ್ನು ಹಾಕಿ, ವೇಗವನ್ನು ಹೆಸರಿನ ಕೆಳಗಿನ ಬಣ್ಣದ ಪಟ್ಟಿಗೆ ಬಿಡುತ್ತೇನೆ. ಪಟ್ಟಿಯ ತುದಿಯನ್ನು ಎಡಕ್ಕೆ, ಅಂದರೆ ಬಸ್ಸು ಹೋಗುವ ದಿಕ್ಕಿಗೆ, ಅದೇ 10 ಡಿಗ್ರಿಯಲ್ಲಿ ಕತ್ತರಿಸುತ್ತೇನೆ.