ಬಂಡೆ ಸೀಳಿನ ಹುಲ್ಲಿಗೆ ಹೆಸರು ಹುಡುಕಿದ್ದು

ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಲ್ಲಿನ ಬಂಡೆಗಳ ಸೀಳಿನಲ್ಲಿ ಗೇಣುದ್ದದ ಒಂದು ಹುಲ್ಲಿದೆ. ಮಾರ್ಚಿನಲ್ಲಿ ನಾನು ಮೊದಲು ಕಂಡಾಗ ಎಲೆಗಳೆಲ್ಲ ನೂಲಿನಂತೆ ಸುರುಟಿಕೊಂಡು, ಬೂದು ಬಣ್ಣಕ್ಕೆ ತಿರುಗಿ, ಮುಷ್ಟಿಯಷ್ಟು ದಪ್ಪದ ಬುಡ ಕಲ್ಲಿಗೆ ಅಂಟಿಕೊಂಡಿತ್ತು. ಎಲೆ ನೋಡಿಯೇ 'ಮೈಕ್ರೋಕ್ಲೋವಾ ಇಂಡಿಕಾ' ಎಂದು ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟೆ. ಅವಸರದ ತಪ್ಪು ಅದು.

ಸೀಳಿನ ಫೋಟೊ ಇಟ್ಟುಕೊಂಡಿದ್ದರಿಂದ ಆಗಸ್ಟ್ ಕೊನೆಯಲ್ಲಿ ಅದೇ ಬುಡ ಮತ್ತೆ ಸಿಕ್ಕಿತು. ಸತ್ತಂತಿದ್ದದ್ದು ಹಚ್ಚಹಸಿರಾಗಿತ್ತು! ನೀರು ಪೂರ್ತಿ ಬತ್ತಿದರೂ ಜೀವ ಹಿಡಿದುಕೊಂಡು, ಮಳೆ ಬಿದ್ದೊಡನೆ ಚೇತರಿಸಿಕೊಳ್ಳುವ ಜಾತಿ ಇದು. ಆದರೆ ಮೈಕ್ರೋಕ್ಲೋವಾ, ಒರೋಪೀಟಿಯಂ ಎಂಬ ಹುಲ್ಲುಗಳೂ ಹೀಗೆಯೇ ಮರುಹುಟ್ಟು ಪಡೆಯುತ್ತವೆ. ಹಾಗಾಗಿ ಇದನ್ನು ನಂಬಿ ಹೆಸರು ಹೇಳಲಾಗದು.

ಗುರುತು ಇದ್ದದ್ದು ತೆನೆಯಲ್ಲಿ. ಕವಲಿಲ್ಲದ ಒಂದೇ ತೆನೆ, ಹೂ ಹೊತ್ತ ಪುಟ್ಟ ಕಿರುತೆನೆಗಳೆಲ್ಲ ಅದರ ಒಂದೇ ಮಗ್ಗುಲಿಗೆ ಎರಡು ಸಾಲಾಗಿ ಕೂತಿದ್ದವು. ಮಂಜಿನ ಹನಿ ಮೆತ್ತಿಕೊಂಡು ಬೇರೇನೂ ಕಾಣುತ್ತಿರಲಿಲ್ಲ. ಒಂದು ತೆನೆ ಚಿವುಟಿ, ಕರ್ಚೀಫಿನಲ್ಲಿ ಮೆಲ್ಲಗೆ ಒತ್ತಿ, ಮಡಚಿದ ಕೊಡೆಯ ಕರಿಬಟ್ಟೆಯ ಮೇಲಿಟ್ಟು ಹತ್ತು ಪಟ್ಟಿನ ಲೆನ್ಸ್ ಹಿಡಿದೆ. ಕಪ್ಪು ಹಿನ್ನೆಲೆಗೆ ಮೀಸೆಗಳು, ಅಂದರೆ ಹೂವಿನ ಸಿಪ್ಪೆಯ ತುದಿಯ ಕೂದಲಿನಂಥ ಎಳೆಗಳು, ಬೆಳ್ಳಗೆ ಎದ್ದು ಕಂಡವು.

ಮೈಕ್ರೋಕ್ಲೋವಾ ಆಗಿದ್ದರೆ ಕಿರುತೆನೆಗೊಂದೇ ಹೂ, ಅದೂ ಬುಡದ ಎರಡು ಹೊಟ್ಟುಗಳೊಳಗೆ ಮುಚ್ಚಿಕೊಂಡು, ಮೀಸೆಯಿಲ್ಲದೆ ಇರಬೇಕಿತ್ತು. ಒರೋಪೀಟಿಯಂನಲ್ಲಾದರೆ ಕಿರುತೆನೆ ದಿಂಡಿನ ಗುಳಿಯೊಳಗೇ ಹುದುಗಿರುತ್ತದೆ. ನನ್ನ ಕೈಲಿದ್ದುದರಲ್ಲಿ ಒಂದರ ಮೇಲೊಂದು ಆರೇಳು ಹೂಗಳು ಹೊಟ್ಟಿನಿಂದ ಆಚೆ ಚಾಚಿದ್ದವು. ಪ್ರತಿ ಹೂವಿನ ಹೊರಸಿಪ್ಪೆಯ ತುದಿ ಸೀಳಿತ್ತು. ಸೀಳಿನ ನಡುವಿನಿಂದ ಉದ್ದದೊಂದು ಮೀಸೆ, ಅಕ್ಕಪಕ್ಕ ಎರಡು ಗಿಡ್ಡ ಮೀಸೆ. ಟ್ರೈಪೋಗನ್! ಗ್ರೀಕಿನಲ್ಲಿ 'ಮೂರು ಗಡ್ಡ' ಎಂದರ್ಥ. ಆ ಚಳಿಯಲ್ಲಿ ಮಂಡಿಯೂರಿ ಕೂತಿದ್ದ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಟ್ರೈಪೋಗನ್‌ನೊಳಗೆ ಯಾವ ಪ್ರಭೇದ ಎಂದು ಬಿಡಿಸಲು ಮೀಸೆಗಳ ಅಳತೆ, ಸಿಪ್ಪೆಯ ಸೀಳು, ಪರಾಗಕೋಶಗಳ ಎಣಿಕೆ ಬೇಕು. ಪರಾಗಕೋಶ ಬೇಗ ಉದುರಿಹೋಗುತ್ತದೆ. ಅದಕ್ಕೇ ನಾನೀಗ ಆಗತಾನೇ ಅರಳುತ್ತಿರುವ ತೆನೆಯನ್ನೇ ಆರಿಸಿ, ಅಲ್ಲೇ ಎಣಿಸಿ ಬರೆದುಕೊಳ್ಳುತ್ತೇನೆ. ಬುಡ ಕೀಳುವುದಿಲ್ಲ. ಆ ಸೀಳಿನಲ್ಲಿರುವ ಹಿಡಿಮಣ್ಣನ್ನು ಹಿಡಿದಿಟ್ಟಿರುವುದೇ ಅದರ ಬೇರು.